ಹೆಸರಿನ ಹೊಟ್ಟೆಯೊಳಗೊಂದು ಹೆಸರು

“ಅದು ಒಂದು ನಿಮಿಷದ ಕೆಲಸ ಮಾವ” ಎಂಬ ಮಾತು ಸುಧಾಕರನ ಬಾಯಿಂದ ಬಿದ್ದದ್ದು ಬೆಳಿಗ್ಗೆ ಆರೂವರೆಗೆ, ಊರಿನ ಹಾಲಿನ ಡೈರಿಯ ಮುಂದೆ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ತಂದ ಹಾಲು ಅಳೆಸಿ, ಖಾಲಿ ಕ್ಯಾನು ಹಿಡಿದು ತನ್ನ ಪಾಡಿಗೆ ತಾನು ಮನೆಗೆ ಹೋಗಿದ್ದರೆ ಸಂಜೆಯ ಹೊತ್ತಿಗೆ ತಲೆ ಎತ್ತಿಕೊಂಡೇ ಓಡಾಡುತ್ತಿದ್ದ.

ಅಂದು ಸಂಜೆ ಐದಕ್ಕೆ ಪೆದ್ದಮ್ಮಜ್ಜಿಗೆ ಊರಿನವರ ಸನ್ಮಾನ. ಕ್ಯಾಸಂಬಳ್ಳಿಯ ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಐವತ್ತು ವರ್ಷ ಹೆರಿಗೆ ಮಾಡಿಸಿದ ಮುದುಕಿ ಆಕೆ. ಊರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗಳಲ್ಲಿ ತಂಗಿ ಇದ್ದುದರಿಂದ ಅಲ್ಲಿಗೂ ಹೋಗಿ ಮಾಡಿಸಿ ಬಂದಿದ್ದಳು. ಶಾಲು, ಹಣ್ಣಿನ ಬುಟ್ಟಿ ಯಾರಿಗೆ ಬೇಕಾದರೂ ಮಾಡುತ್ತಾರೆ, ನಮ್ಮೂರಿನದು ಬೇರೆ ಥರ ಇರಬೇಕು ಎಂದು ಡೈರಿಯ ಕಾರ್ಯದರ್ಶಿ ಶ್ರೀನಿವಾಸಪ್ಪ ಒಂದು ಉಪಾಯ ತೆಗೆದಿದ್ದ. ಅಜ್ಜಿಯ ಕೈಯಲ್ಲಿ ಹುಟ್ಟಿದ ಪ್ರತಿಯೊಬ್ಬರ ಹೆಸರನ್ನೂ ಹಾಕಿ, ನಡುವೆ ಅಜ್ಜಿಯ ಫೋಟೋ ಇಟ್ಟು, ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿಸುವುದು.

ಉಪಾಯ ಚೆನ್ನಾಗಿತ್ತು. ಹೆಸರು ಕಳಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಡ, ಹೆಸರುಗಳು ಹೊಳೆಯಂತೆ ಬಂದವು. ಒಬ್ಬನೇ ಮನುಷ್ಯನ ಹೆಸರನ್ನು ಅವನೂ ಕಳಿಸಿದ, ಅವನ ಹೆಂಡತಿಯೂ ಕಳಿಸಿದಳು, ತಾಯಿಯೂ ಕಳಿಸಿದಳು. ಒಂದರಲ್ಲಿ ಬರೀ ‘ನರೇಶ್’. ಇನ್ನೊಂದರಲ್ಲಿ ‘ನರೇಶ್ ಬಿನ್ ಕೋದಂಡಪ್ಪ’. ನಮ್ಮ ಕಡೆ ಪಹಣಿಯಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಮಗನಾದರೆ ‘ಬಿನ್’ ಎಂದು ಅಪ್ಪನ ಹೆಸರು, ಹೆಂಡತಿಯಾದರೆ ‘ಕೋಂ’ ಎಂದು ಗಂಡನ ಹೆಸರು ಸೇರಿಸದಿದ್ದರೆ ಬರೆದವರಿಗೂ ಸಮಾಧಾನವಿಲ್ಲ, ಓದಿದವರಿಗೂ ಇಲ್ಲ. ಅಜ್ಜಿಯೂ ಸುಮ್ಮನಿರದೆ ಮೂರು ದಿನ ಡೈರಿಯ ಜಗಲಿಯಲ್ಲಿ ಕೂತು ತನಗೆ ನೆನಪಿದ್ದವರನ್ನೆಲ್ಲ ಶ್ರೀನಿವಾಸಪ್ಪನಿಂದ ಬರೆಸಿದ್ದಳು. ಒಟ್ಟು ಸಾವಿರದ ನೂರಾ ಅರವತ್ತನಾಲ್ಕು ಸಾಲು. ಫ್ಲೆಕ್ಸಿನಲ್ಲಿ ಹಿಡಿಯುವುದು ನಾನೂರು. ಕೂತು ಒಂದೊಂದಾಗಿ ಹೊಡೆದುಹಾಕಲು ಎರಡು ದಿನವಾದರೂ ಬೇಕು, ಇರುವುದು ಒಂದು ಹಗಲು ಎಂದು ಸನ್ಮಾನ ಸಮಿತಿಯವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ನಮ್ಮವನು ಆ ಮಾತು ಆಡಿದ್ದು.

ಸಮಿತಿಯ ಅಧ್ಯಕ್ಷ ಕೋದಂಡಪ್ಪ ಅವನ ಮಾವ. ಸುಧಾಕರ್ ಮನೆ ಅಳಿಯ. ಊರು ಬೇತಮಂಗಲ, ಕೆಲಸ ಬಂಗಾರಪೇಟೆಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ. ಕೋದಂಡಪ್ಪನ ಮಗಳು ತ್ರಿವೇಣಿಯನ್ನು ಮದುವೆಯಾಗಿ, ಮಾವನ ಮಗ ನರೇಶ್ ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಎರಡು ಹಸು ನೋಡಿಕೊಳ್ಳಲು ಜನವಿಲ್ಲವೆಂದು ಇಲ್ಲೇ ಉಳಿದು ನಾಲ್ಕು ವರ್ಷವಾಗಿತ್ತು. ಮನೆ ಅಳಿಯನಿಗೆ ಊಟ ಇರುತ್ತದೆ, ಹಾಸಿಗೆ ಇರುತ್ತದೆ, ಹೆಸರಿರುವುದಿಲ್ಲ. ಊರಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಕೋದಂಡಪ್ಪನ ಅಳಿಯ’ ಎಂದೇ. ಡೈರಿಯ ಪುಸ್ತಕದಲ್ಲಿ ಹಾಗೇ, ಹಿಟ್ಟಿನ ಗಿರಣಿಯ ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಹಾಗೇ. ಕೊರಿಯರ್‌ನವನು ಸುಧಾಕರ್ ಯಾರು ಎಂದು ಕೇಳಿದಾಗ ಆ ಹೆಸರಿನವರು ಈ ಊರಿನಲ್ಲಿ ಇಲ್ಲ ಎಂದು ಪಕ್ಕದ ಮನೆಯವರೇ ವಾಪಸು ಕಳಿಸಿದ್ದರು. ಇದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ, ಆದರೆ ಒಳಗೊಳಗೇ ಸವೆದುಹೋಗಿದ್ದ.

ಒಂದು ನಿಮಿಷದ ಕೆಲಸ ಎಂದದ್ದಕ್ಕೆ ಶ್ರೀನಿವಾಸಪ್ಪ ಅವನನ್ನು ಮೊದಲ ಸಲ ಪೂರ್ತಿ ಕಣ್ಣು ಬಿಟ್ಟು ನೋಡಿದ. “ಮಾಡಿಕೊಟ್ಬಿಡಪ್ಪ. ಸ್ಟೇಜ್ ಮ್ಯಾಗೆ ಕರ್ದು ನಿನ್ನೆಸ್ರು ಯೋಳಿ ಆರ ಆಕ್ತೀವಿ. ಅಂದಂಗೆ ನಿನ್ನೆಸ್ರು ಏನು?”

“ಸುಧಾಕರ್.”

“ಆಂ, ಸುಧಾಕರ್. ಜ್ಞಾಪ್ಕ ಇಟ್ಕತೀನಿ.”

ಸ್ಟೇಜಿನ ಮೇಲೆ, ಮೈಕಿನಲ್ಲಿ, ಮಾವನ ಹೆಸರಿನ ಬಾಲ ಹಿಡಿಯದೆ ಬರೀ ಸುಧಾಕರ್. ಬಂಗಾರಪೇಟೆ ತಲುಪುವವರೆಗೆ ಗಾಡಿಯ ಮೇಲೆ ಅವನು ಅದನ್ನೇ ಬೇರೆ ಬೇರೆ ದನಿಯಲ್ಲಿ ಹೇಳಿಕೊಂಡು ಹೋದ.

ಅವನ ಧೈರ್ಯಕ್ಕೆ ಕಾರಣ ಪೈಥಾನ್. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಅದು. ಮೂರು ತಿಂಗಳಿಂದ ಹಸುಗಳಿಗೆ ಮೇವು ಹಾಕಿದ ಮೇಲೆ ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಕಲಿತಿದ್ದ. ಕಲಿತದ್ದನ್ನು ತೋರಿಸಲು ಜಾಗ ಸಿಕ್ಕಿರಲಿಲ್ಲ. ಹೊಸ ಮಚ್ಚು ಮಾಡಿಸಿದವನಿಗೆ ಕಂಡ ಮರವೆಲ್ಲ ಸೌದೆ ಎಂಬ ಹಾಗಿತ್ತು ಅವನ ಸ್ಥಿತಿ.

ಮೊದಲ ಸಲ ಬರೆದದ್ದು ಎಡವಟ್ಟಾಯಿತು. ಪ್ರತಿ ಹೆಸರನ್ನೂ ಉಳಿದ ಪ್ರತಿ ಹೆಸರಿನೊಂದಿಗೆ ಹೋಲಿಸು, ಹೋಲಿಸಿದ್ದನ್ನೆಲ್ಲ ತೆರೆಯ ಮೇಲೆ ತೋರಿಸು ಎಂದು ಬರೆದಿದ್ದ. ಸಾವಿರ ಚಿಲ್ಲರೆ ಹೆಸರಿಗೆ ಸಾವಿರ ಚಿಲ್ಲರೆ ಸಲ, ಅಂದರೆ ಹದಿಮೂರು ಲಕ್ಷ ಸಾಲು. ಅಂಗಡಿಯ ಹಳೆಯ ಕಂಪ್ಯೂಟರ್ ಉಬ್ಬಸದವರಂತೆ ಏದುಸಿರು ಬಿಡುತ್ತ ಸಾಲುಗಳನ್ನು ಉಗುಳುತ್ತಲೇ ಇತ್ತು. ಹೋಗಿ ಟೀ ಕುಡಿದು ಬಂದರೂ ಅದು ಇನ್ನೂ ಅಶ್ವತ್ಥಪ್ಪ ಎಂಬ ಹೆಸರಿನ ಹತ್ತಿರವೇ ನಿಂತಿತ್ತು. ಮಾಲೀಕ ಅಂಬರೀಶ್ ಬಾಗಿಲಿಂದ ಇಣುಕಿ, ಒಂದು ನಿಮಿಷ ಆಯಿತಾ ಎಂದು ಕೇಳಿ ಹೋದ.

ಎರಡನೇ ಸಲ ಸುಧಾಕರ್ ತಲೆ ಓಡಿಸಿದ. ಮೊದಲು ಅಕ್ಷರಕ್ಕೆ ಅಕ್ಷರ ಒಂದೇ ಇರುವ ಸಾಲುಗಳನ್ನೆಲ್ಲ ಒಂದಾಗಿಸಿದ. ಉಳಿದದ್ದನ್ನು ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದ, ಉದ್ದದ ಹೆಸರು ಮುಂದೆ, ಗಿಡ್ಡ ಹೆಸರು ಹಿಂದೆ. ಆಮೇಲೆ ಒಂದೊಂದೇ ಹೆಸರನ್ನು ಒಳಗೆ ಬಿಡುತ್ತ, ಬರುವ ಹೆಸರು ಆಗಲೇ ಒಳಗಿರುವ ಯಾವುದಾದರೂ ದೊಡ್ಡ ಹೆಸರಿನ ಹೊಟ್ಟೆಯೊಳಗೆ ಇದ್ದರೆ ಅದನ್ನು ಹೊರಗೇ ಬಿಡು ಎಂದು ಬರೆದ. ‘ನರೇಶ್ ಬಿನ್ ಕೋದಂಡಪ್ಪ’ ಒಳಗಿದ್ದ ಮೇಲೆ ಬರೀ ‘ನರೇಶ್’ ಯಾಕೆ? ಲೆಕ್ಕ ಸರಿಯಾಗಿಯೇ ಇತ್ತು. ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಮುಗಿದೇಹೋಯಿತು. ಉಳಿದ ಹೆಸರು ಮುನ್ನೂರ ತೊಂಬತ್ತೆಂಟು. ಅವನ್ನು ಅಕಾರಾದಿಯಾಗಿ ಜೋಡಿಸಿದ.

ಅವನಿಗೆ ಎದ್ದು ಕುಣಿಯುವ ಹಾಗಾಯಿತು. ಮೊದಲ ಹತ್ತು ಹೆಸರು ನೋಡಿದ, ಕೊನೆಯ ಹತ್ತು ನೋಡಿದ, ಎಲ್ಲ ಅಂದವಾಗಿ ಬಿನ್, ಕೋಂಗಳ ಸಮೇತ ನಿಂತಿದ್ದವು. ನಡುವಿನದನ್ನು ಓದುವ ಅಗತ್ಯ ಕಾಣಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹನ್ನೆರಡಕ್ಕೆ ಫ್ಲೆಕ್ಸ್ ಮಿಷಿನ್ನಿನಿಂದ ಹೊರಬಂತು. ಅಂಬರೀಶನೇ ಬೆನ್ನು ತಟ್ಟಿ ಅರ್ಧ ದಿನ ರಜೆ ಕೊಟ್ಟ. ಫ್ಲೆಕ್ಸನ್ನು ಸುರುಳಿ ಸುತ್ತಿ ಗಾಡಿಗೆ ಕಟ್ಟಿಕೊಂಡು ಸುಧಾಕರ್ ಊರಿಗೆ ಬಂದದ್ದನ್ನು ನೋಡಿದವರು, ಮದುವೆಯ ದಿನ ಕೂಡ ಅವನು ಅಷ್ಟು ಎದೆಯುಬ್ಬಿಸಿ ಬಂದಿರಲಿಲ್ಲ ಎಂದು ಆಮೇಲೆ ಹೇಳಿದರು.

ಮೂರೂವರೆಗೆ ಡೈರಿಯ ಮುಂದೆ ಎರಡು ಸರ್ವೆ ಮರದ ಗಳ ನೆಟ್ಟು ಫ್ಲೆಕ್ಸ್ ಕಟ್ಟಿದರು. ನಡುವೆ ಅಜ್ಜಿ ನಗುತ್ತಿದ್ದಳು. ಜನ ಸೇರಿತು. ಎಲ್ಲರೂ ಮೊದಲು ಹುಡುಕುವುದು ತಮ್ಮ ತಮ್ಮ ಹೆಸರನ್ನೇ. ಕೋದಂಡಪ್ಪ ಅಧ್ಯಕ್ಷನಾದ್ದರಿಂದ ಆತುರ ತೋರಿಸದೆ, ಟವೆಲು ಸರಿಮಾಡಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು ಒಂದನೇ ಸಾಲಿನಿಂದ ಓದತೊಡಗಿದ. ಅಜ್ಜಿಯ ಕೈಯಲ್ಲಿ ಹುಟ್ಟಿದ ಮೊದಲ ಗಂಡು ಮಗು ತಾನೇ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದವನು. ಕೊನೆಯ ಸಾಲು ಮುಟ್ಟಿ, ಮತ್ತೆ ಮೇಲಿನಿಂದ ಶುರುಮಾಡಿದ. ಎರಡನೇ ಸಲ ಮುಗಿದಾಗ ಕನ್ನಡಕ ತೆಗೆದು ಮಡಿಸಿದ.

“ಅಳಿಯೋರೇ, ನಮ್ಮೆಸ್ರು ಎಲ್ಲಿ ಆಕಿದ್ದೀರಾ?”

ಸುಧಾಕರ್ ಮುಂದೆ ಬಂದು, ಇದೆಯಲ್ಲ ಮಾವ ಎಂದು ಹುಡುಕಿದ. ಕ ಅಕ್ಷರದ ಸಾಲಿನಲ್ಲಿ ಇರಲಿಲ್ಲ. ಕಣ್ಣು ನ ಅಕ್ಷರಕ್ಕೆ ಹೋಯಿತು. ಅಲ್ಲಿ ‘ನರೇಶ್ ಬಿನ್ ಕೋದಂಡಪ್ಪ’ ಕೂತಿದ್ದ. ಆಗ ಅವನಿಗೆ ಎಲ್ಲ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡಿದ್ದರೆ ಆಗುತ್ತಿತ್ತು, ಆದರೆ ಕಲಿತವನಲ್ಲವೇ, ವಿವರಿಸಿದ. ಕಂಪ್ಯೂಟರು ಚಿಕ್ಕ ಹೆಸರು ದೊಡ್ಡ ಹೆಸರಿನೊಳಗೆ ಇದ್ದರೆ ಚಿಕ್ಕದನ್ನು ತೆಗೆಯುತ್ತದೆ, ನೀವು ಎಲ್ಲೂ ಹೋಗಿಲ್ಲ ಮಾವ, ನರೇಶನ ಹೆಸರಿನ ಹೊಟ್ಟೆಯೊಳಗೇ ಇದ್ದೀರಿ ಎಂದ.

ಕೋದಂಡಪ್ಪ ಮಡಿಸಿದ ಕನ್ನಡಕವನ್ನು ಜೇಬಿಗೆ ಹಾಕಿಕೊಂಡ. “ನಾನು ಅವನಿಗಪ್ಪನಾ, ಇಲ್ಲಾ ಅವನು ನನಗಪ್ಪನಾ? ಅದೊಂದು ಯೋಳ್ಬಿಡಿ ಅಳಿಯೋರೇ.”

ಸುತ್ತ ನಿಂತಿದ್ದ ಮುದುಕರಿಗೆ ಆಗಲೇ ಅನುಮಾನ ಬಂದಿತ್ತು. ಒಬ್ಬೊಬ್ಬರೇ ಬಂದು ಹುಡುಕಿದರು. ಯಾರ ಮಗ ‘ಬಿನ್’ ಹಾಕಿ ಕಳಿಸಿದ್ದನೋ ಆ ಅಪ್ಪ ಇಲ್ಲ. ಯಾವ ಹೆಂಡತಿ ‘ಕೋಂ’ ಹಾಕಿ ಕಳಿಸಿದ್ದಳೋ ಆ ಗಂಡ ಇಲ್ಲ. ಹೊಲ ಉತ್ತು, ಮಕ್ಕಳನ್ನು ಓದಿಸಿ, ಮದುವೆ ಮಾಡಿಸಿ, ತಮ್ಮ ಹೆಸರನ್ನು ಮಕ್ಕಳ ಹೆಸರಿಗೆ ಅಂಟಿಸಿದ ತಪ್ಪಿಗೆ ಊರಿನ ಅಪ್ಪಂದಿರೆಲ್ಲ ಫ್ಲೆಕ್ಸಿನಿಂದ ಮಾಯವಾಗಿದ್ದರು. ಐವತ್ತು ದಾಟಿದವರಲ್ಲಿ ಎದ್ದು ಕಾಣುತ್ತಿದ್ದವನು ಅಶ್ವತ್ಥಪ್ಪನೊಬ್ಬನೇ. ಅವನು ಮದುವೆಯಾಗಿರಲಿಲ್ಲ. ಯಾರ ಹೊಟ್ಟೆಯೊಳಗೂ ಸೇರದೆ ಎರಡನೇ ಸಾಲಿನಲ್ಲಿ ಒಂಟಿಯಾಗಿ ಮೆರೆಯುತ್ತಿದ್ದ. ಇಷ್ಟು ವರ್ಷ ತನ್ನನ್ನು ಆಡಿಕೊಂಡವರನ್ನೆಲ್ಲ ಕೈ ಹಿಡಿದು ಕರೆತಂದು, ಇಲ್ಲಿ ಓದಣ್ಣ, ನನಗೆ ಕಣ್ಣು ಮಂಜು ಎಂದು ಓದಿಸುತ್ತಿದ್ದ.

ಸುಧಾಕರನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಂಗಡಿಗೆ ಫೋನ್ ಮಾಡಿದ. ಬಂಗಾರಪೇಟೆಯಲ್ಲಿ ಎರಡರಿಂದ ಕರೆಂಟಿಲ್ಲ, ಆರರವರೆಗೆ ಬರುವುದಿಲ್ಲ, ಮಿಷಿನ್ನು ನಿಂತಿದೆ ಎಂದು ಅಂಬರೀಶ್ ಹೇಳಿ ಇಟ್ಟುಬಿಟ್ಟ. ಸರಿ, ಇರುವವರನ್ನಾದರೂ ಸಮಾಧಾನಪಡಿಸೋಣ ಎಂದು ಸುಧಾಕರ್ ಡೈರಿಯ ಮೆಟ್ಟಿಲು ಹತ್ತಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ತಪ್ಪು ಮಾಡಿದ. ಹೆಸರು ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ, ಹೆಸರು ಇಲ್ಲ ಎಂದರೆ ನಿಮ್ಮ ಮಗನ ಹೆಸರಿನೊಳಗೆ ಇದೆ ಎಂದೇ ಅರ್ಥ, ಇದರಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ ಎಂದುಬಿಟ್ಟ.

ಗುಂಪು ಸ್ವಲ್ಪ ತಣ್ಣಗಾಯಿತು. ಅಷ್ಟರಲ್ಲಿ ಹಿಂದಿನಿಂದ ಮಾರಿಯಮ್ಮ ಮುಂದೆ ಬಂದಳು. ಆಕೆ ಸೊಪ್ಪು ತರಕಾರಿ ಮಾರುವವಳು, ಗಂಡ ಸೀನಪ್ಪ ಕೂಲಿಗೆ ಹೋಗುವವನು. ಇಬ್ಬರಿಗೂ ಮಕ್ಕಳಿಲ್ಲ. ಮೂವತ್ತೈದು ವರ್ಷ ಆ ಮಾತನ್ನು ಊರು ಆಕೆಯ ಮುಂದೆ ಎತ್ತದೆ ಜೋಪಾನ ಮಾಡಿತ್ತು.

“ನಮ್ಮೆಜಮಾನ್ರ ಎಸ್ರೂ ಇಲ್ಲ” ಎಂದಳು ಮಾರಿಯಮ್ಮ, ದನಿ ಎತ್ತದೆಯೇ. “ನನಗಿಲ್ದಿರೋ ಮಗ ಈವಯ್ಯನಿಗೆಲ್ಲಿಂದ ಬಂದ ಅಂತ ಯೋಳಪ್ಪ. ಬರ್ಸಿದೋನು ನೀನೇ.”

ಎಲ್ಲರ ಕಣ್ಣೂ ಒಟ್ಟಿಗೆ ಫ್ಲೆಕ್ಸಿನ ಕಡೆ ತಿರುಗಿತು. ಬೇಡ ಬೇಡವೆಂದರೂ ಹುಡುಕಿದರು. ವ ಅಕ್ಷರದ ಸಾಲಿನಲ್ಲಿ ಸಿಕ್ಕಿತು. ‘ವಿಜಯಕುಮಾರ್ ಬಿನ್ ಸೀನಪ್ಪ, ಊರಿಗಾಂ.’ ಸೀನಪ್ಪ ವಯಸ್ಸಿನಲ್ಲಿದ್ದಾಗ ಆರು ವರ್ಷ ಊರಿಗಾಂನಲ್ಲಿ ಕೆಲಸಕ್ಕಿದ್ದದ್ದು ಊರಿಗೇ ಗೊತ್ತಿತ್ತು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಬಡಪಾಯಿ ಸೀನಪ್ಪನಿಗೆ ಮಾತು ಬರುವುದೇ ಕಡಿಮೆ. ಗಾಬರಿಗೆ ಇದ್ದಬದ್ದದ್ದೂ ಕೆಟ್ಟಿತು. “ನಾನು ಆ ಲೈನ್ ಮನೆ ಕಡೀಕೆ ಓಯ್ತಾ ಇದ್ದಿದ್ದೇ ನೀರು ಕುಡಿಯಾಕೆ” ಎಂದ. ಅವನು ಸುಮ್ಮನಿದ್ದರೆ ವಾಸಿಯಿತ್ತು. ಈಗ ಹೆಂಗಸರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಯಾರೋ ಒಬ್ಬಳು ಮಾರಿಯಮ್ಮನ ಭುಜ ಹಿಡಿದುಕೊಂಡಳು. ಮಾರಿಯಮ್ಮ ಅಳಲಿಲ್ಲ, ಬೈಯಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು.

ಸುಧಾಕರ್ ಅದನ್ನು ನೋಡಿದ. ಮಾವನಿಗೆ ಆದದ್ದು ನಗೆಪಾಟಲು, ನಾಳೆ ಮರೆತುಹೋಗುತ್ತದೆ. ಇದು ಹಾಗಲ್ಲ. ಊರು ಮೂವತ್ತೈದು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದ ಗಾಯವನ್ನು ಅವನು ಒಂದು ನಿಮಿಷದಲ್ಲಿ ಕೆರೆದಿದ್ದ, ಅದೂ ಸ್ಟೇಜಿನ ಮೇಲೆ ಒಂದು ಹಾರ ಬೀಳಲಿ ಎಂಬ ಆಸೆಗೆ. ಇದು ಬೇರೆ ಸೀನಪ್ಪ ಇರಬಹುದು ಅಕ್ಕ ಎಂದು ಹೇಳಲು ಹೋದ. ತಪ್ಪಾಗಲು ಸಾಧ್ಯವೇ ಇಲ್ಲ ಎಂದು ಈಗ ತಾನೇ ಹೇಳಿದೆಯಲ್ಲ ಎಂದು ನಾಲ್ಕು ಜನ ಒಟ್ಟಿಗೆ ಕೇಳಿದರು.

ಗಲಾಟೆ ಕೇಳಿ, ಸನ್ಮಾನಕ್ಕೆ ಇನ್ನೂ ಹೊತ್ತಿದ್ದರೂ ಪೆದ್ದಮ್ಮಜ್ಜಿ ಕೋಲೂರಿಕೊಂಡು ತಾನೇ ಬಂದುಬಿಟ್ಟಳು. ಹೊಸ ಸೀರೆ ಉಟ್ಟಿದ್ದಳು, ಅರ್ಧ ತಲೆ ಬಾಚಿತ್ತು. ಏನು ಎತ್ತ ಎಂದು ಕೇಳಿಕೊಂಡಳು. ಕೇಳಿ, ಹಲ್ಲಿಲ್ಲದ ಬಾಯಲ್ಲಿ ಸಣ್ಣಗೆ ನಕ್ಕು, ನೇರ ಮಾರಿಯಮ್ಮನ ಹತ್ತಿರ ಹೋದಳು.

“ಆ ವಿಜಯಕುಮಾರನ ನಾನೇ ಎತ್ಕೊಂಡಿದ್ದು ಕಣಮ್ಮಿ. ಅವನ ತಾಯಿ ಶ್ಯಾಮಲ. ಅವನಪ್ಪ ಸೀನಪ್ಪ ಗಣಿಗೆ ಇಳೀತಿದ್ದ, ಆಳು ಆರಡಿ, ಎಡಗಣ್ಣ ಮ್ಯಾಗೆ ಇಷ್ಟುದ್ದ ಗಾಯದ ಗೀಟು. ನಿನ್ ಗಂಡ ನೋಡು, ಎದ್ದು ನಿಂತ್ರೂ ಕೂತಂಗೇ ಅವ್ನೆ.”

ಮಾರಿಯಮ್ಮ ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ಅಳೆದಳು. ಅಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಮುಖ ಸಡಿಲವಾಯಿತು. ನೀರು ಕುಡಿಯುವ ವಿಷಯ ಮನೆಯಲ್ಲಿ ಮಾತಾಡೋಣ ಎಂದಷ್ಟೇ ಸೀನಪ್ಪನಿಗೆ ಹೇಳಿದಳು. ಸುಧಾಕರ್ ಮೆಟ್ಟಿಲು ಇಳಿದು ಬಂದು ಆಕೆಯ ಮುಂದೆ ಕೈ ಮುಗಿದ, ತಪ್ಪಾಯಿತು ಅಕ್ಕ ಎಂದ. ಮಾರಿಯಮ್ಮ ಅವನ ಮುಖ ನೋಡಲಿಲ್ಲ, ಆದರೆ ಆಗಲಿ ಬಿಡು ಎನ್ನುವಂತೆ ಕೈ ಆಡಿಸಿದಳು. ಬೈದಿದ್ದರೆ ಅವನಿಗೆ ಅದಕ್ಕಿಂತ ಸುಲಭವಾಗುತ್ತಿತ್ತು.

ಅಜ್ಜಿ ಫ್ಲೆಕ್ಸಿನ ಕಡೆ ತಿರುಗಿದಳು. ಆಕೆಗೆ ಓದು ಬರದು, ಕಣ್ಣೂ ಅಷ್ಟಕ್ಕಷ್ಟೆ. ಎಲ್ಲ ಹೆಸರೂ ಓದಿ ಹೇಳಬೇಕಾ ಎಂದು ಶ್ರೀನಿವಾಸಪ್ಪ ಕೇಳಿದ. ಬೇಡ, ಒಂದೇ ಒಂದು ನೋಡಿದರೆ ಸಾಕು ಎಂದಳು ಅಜ್ಜಿ.

“ನಮ್ ಬಸ್ಸಿನ್ ಮಗಂದು ಆಕಿದ್ದೀರಾ ಅಂತ ನೋಡು ನಾಯ್ನಾ. ಅವತ್ತೇ ಬರ್ಸಿದ್ನಲ್ಲ ನಿನ್ ತಾವ.”

ಶ್ರೀನಿವಾಸಪ್ಪ ತಲೆ ಕೆರೆದುಕೊಂಡು ಮೊಬೈಲ್ ತೆಗೆದ. ಅಜ್ಜಿ ಹೇಳಿ ಬರೆಸಿದ ಪಟ್ಟಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳುತ್ತ ಹೋದ. ಅಜ್ಜಿ ಬಸ್ಸಿನ ಮಾತು ಆಡಿ ಬರೆಸಿದ್ದು ನೆನಪಾಗಿ ಇನ್ನೂರ ಹನ್ನೆರಡನೇ ಸಾಲಿಗೆ ನಿಂತ. “ಸುಧಾಕರ್” ಎಂದು ಓದಿದ. ಆಮೇಲೆ ಆ ಹೆಸರನ್ನು ಬೆಳಿಗ್ಗೆ ಎಲ್ಲೋ ಕೇಳಿದಂತಿದೆಯಲ್ಲ ಎಂದು ನೆನೆಸಿಕೊಂಡು, ನಿಧಾನವಾಗಿ ಕೋದಂಡಪ್ಪನ ಅಳಿಯನ ಕಡೆ ನೋಡಿದ. ಊರೂ ನೋಡಿತು.

ಸುಧಾಕರನ ಕಿವಿ ಬಿಸಿಯಾಯಿತು. ತಾನು ಬಸ್ಸಿನಲ್ಲಿ ಹುಟ್ಟಿದವನೆಂಬುದು ಅವನು ಯಾರಿಗೂ ಬಿಟ್ಟುಕೊಡದ ಗುಟ್ಟು. ಸ್ಕೂಲಿನಲ್ಲಿ ಹುಡುಗರು ಅವನನ್ನು ನೋಡಿದಾಗಲೆಲ್ಲ ಹಾರನ್ ಬಾರಿಸುತ್ತಿದ್ದರು. ಅದಕ್ಕೇ ಹೆಣ್ಣು ನೋಡಲು ಬಂದಾಗ ಮಾವನ ಮನೆಯವರಿಗೆ ಕೆಜಿಎಫ್‌ನ ದೊಡ್ಡ ಆಸ್ಪತ್ರೆಯಲ್ಲಿ ಹುಟ್ಟಿದ್ದು ಎಂದು ಹೇಳಿದ್ದ. ತ್ರಿವೇಣಿಗೂ ಅಷ್ಟೇ ಗೊತ್ತಿತ್ತು. ಹೆಂಗಸರ ಗುಂಪಿನಲ್ಲಿ ನಿಂತಿದ್ದ ಅವಳು ಹುಬ್ಬು ಮೇಲಕ್ಕೆ ಏರಿಸಿ ನೋಡುತ್ತಿದ್ದುದು ಅವನಿಗೆ ಕಾಣಿಸಿತು.

ಅಜ್ಜಿ ಕೋಲಿನಿಂದ ನೆಲ ತಟ್ಟುತ್ತ ಎಲ್ಲ ಹೇಳಿದಳು. ಬೇತಮಂಗಲದ ರಾಧಾಮಣಿ ಎಂಬ ಹುಡುಗಿ ಹೆರಿಗೆಗೆಂದು ಬಸ್ಸು ಹತ್ತಿದ್ದಳು. ನಾನೂ ಅದೇ ಬಸ್ಸಿನಲ್ಲಿದ್ದೆ. ಅರ್ಧ ದಾರಿಗೆ ನೋವು ಬಂತು. ಗಂಡಸರನ್ನೆಲ್ಲ ಕೆಳಗಿಳಿಸಿ, ಕೊನೆಯ ಸೀಟಿನಲ್ಲಿ ಹೆರಿಗೆ ಮಾಡಿಸಿ, ಬಟ್ಟೆ ಏನೂ ಇಲ್ಲವೆಂದು ಉಟ್ಟಿದ್ದ ಹೊಸ ಸೀರೆಯನ್ನೇ ಹರಿದು ಮಗುವಿಗೆ ಸುತ್ತಿದ್ದೆ. ಮಗುವಿಗೂ ಟಿಕೆಟ್ ಕೊಡಲೇ ಎಂದು ಕಂಡಕ್ಟರು ತಮಾಷೆ ಮಾಡಿದ್ದ. ಹೋದ ವರ್ಷ ಈ ಹುಡುಗನನ್ನು ಯಾರ ಮಗನಪ್ಪ ಎಂದು ಕೇಳಿದಾಗ ರಾಧಾಮಣಿ ಮಗ ಸುಧಾಕರ್, ಬೇತಮಂಗಲ ಎಂದ. ಅವತ್ತೇ ನನಗೆ ತಿಳಿಯಿತು.

“ಆವತ್ತೇ ಯೋಳ್ಬೇಕಾಗಿತ್ತು. ಎಲ್ರ ಮುಂದೆ ಯೋಳಾನ ಅಂತ ಮಡಿಕ್ಕೊಂಡಿದ್ದೆ. ನೀನು ಬರೀ ಈ ಮನೆ ಅಳಿಯ ಅಲ್ಲ ಕಣ್ಲಾ, ಈ ಊರಿನ್ ಮಗ.”

ಯಾವುದೋ ಪುಣ್ಯಾತ್ಗಿತ್ತಿ ತನ್ನ ಹೊಸ ಸೀರೆ ಹರಿದು ನಿನ್ನನ್ನು ಸುತ್ತಿ ಕೊಟ್ಟಳು ಎಂದು ಸುಧಾಕರನ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಅವನು ಆ ಮಾತು ಬಂದಾಗಲೆಲ್ಲ ನಾಚಿಕೊಂಡು ಎದ್ದುಹೋಗುತ್ತಿದ್ದ. ಈಗ ಮುಂದೆ ಬಂದು ಅಜ್ಜಿಯ ಕಾಲಿಗೆ ಬಿದ್ದ. ಏಳುವಾಗ ಅವನ ಮುಖದಲ್ಲಿ ಬೆಳಗಿನ ಹೆಮ್ಮೆಯ ಒಂದು ಚೂರು ಮತ್ತೆ ಕಾಣಿಸಿಕೊಂಡಿತ್ತು. ಹಾರ ಹೋದರೆ ಹೋಗಲಿ. ಈ ಊರಿನ ಪಟ್ಟಿಯಲ್ಲಿ ಅವನ ಹೆಸರಿತ್ತು, ಯಾರ ಬಾಲವೂ ಇಲ್ಲದೆ, ಬರೀ ಸುಧಾಕರ್ ಎಂದು.

ಆಗ ಕೋದಂಡಪ್ಪ ಕೆಮ್ಮಿದ.

“ಪಟ್ಟೀಲಿ ಇತ್ತು ಸರಿ. ಫ್ಲೆಕ್ಸಿನಾಗೆ ಎಲ್ಲೈತೆ?”

ಸ ಅಕ್ಷರದ ಸಾಲಿನಲ್ಲಿ ಸುಧಾಕರ್ ಇರಲಿಲ್ಲ. ಕಂಪ್ಯೂಟರಿನ ಆ ನಿಯಮವನ್ನು ಇಡೀ ಊರಿನಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡಿದ್ದವನು ಈಗ ಕೋದಂಡಪ್ಪನೇ. ಅವನು ನಿಧಾನವಾಗಿ ಫ್ಲೆಕ್ಸಿನ ಹತ್ತಿರ ಹೋಗಿ, ತ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟ. ‘ತ್ರಿವೇಣಿ ಕೋಂ ಸುಧಾಕರ್.’

“ಸಿಕ್ಕಿದ್ರು. ಅಳಿಯೋರು ನಮ್ಮುಡುಗಿ ಒಟ್ಟೆಯಾಗೇ ಅವ್ರೆ.”

ಊರು ನಕ್ಕ ನಗೆಗೆ ಡೈರಿಯ ಹಿಂದಿನ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು. ಮಾರಿಯಮ್ಮನೂ ನಕ್ಕಳು. ತ್ರಿವೇಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿಯೂ ಸುಧಾಕರನೇ. ನಾಲ್ಕು ವರ್ಷ ಕಾದ ಹೆಸರು ತಾನಾಗಿ ಮನೆ ಬಾಗಿಲಿಗೆ ಬಂದಿತ್ತು, ಅವನೇ ಕದ ಹಾಕಿದ್ದ. ನಾಚಿಕೆಯಿಂದ ಅವನಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಗಂಟೆ ನಾಲ್ಕೂವರೆಯಾಗಿತ್ತು. ಹೊಸ ಫ್ಲೆಕ್ಸ್ ಬರುವಂತಿಲ್ಲ. ಶ್ರೀನಿವಾಸಪ್ಪ ಡೈರಿಯ ಬೋರ್ಡ್ ಬರೆಯುವ ಕಪ್ಪು ಪೇಂಟು, ಬ್ರಷ್ಷು ತಂದ. ಬಿಟ್ಟುಹೋದವರೆಲ್ಲ ಸಾಲಾಗಿ ಬರಲಿ, ಅಂಚಿನಲ್ಲಿ ಬರೆದುಬಿಡೋಣ ಎಂದ. ಪೇಂಟಿನ ಡಬ್ಬಿ ಹಿಡಿದು ನಿಲ್ಲುವ ಶಿಕ್ಷೆ ಸುಧಾಕರನಿಗೇ ಬಿತ್ತು. ಊರಿನ ಅಪ್ಪಂದಿರು, ಗಂಡಂದಿರು ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ಸಾಲು ನಿಂತರು. ಒಬ್ಬೊಬ್ಬರೂ ಬಂದು ಅವನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿ, ತಮ್ಮ ಹೆಸರನ್ನು ಒತ್ತಿ ಹೇಳಿ ಬರೆಸಿಕೊಂಡರು. ಮೊದಲು ಸೀನಪ್ಪನದನ್ನು ಬರೆಯಿರಿ ಎಂದು ಸುಧಾಕರ್ ಕೇಳಿಕೊಂಡ. ಬರೆದರು. ಎಡ ಅಂಚು ತುಂಬಿತು, ಬಲ ಅಂಚು ತುಂಬಿತು, ಅಜ್ಜಿಯ ಫೋಟೋದ ತಲೆಯ ಮೇಲಿನ ಆಕಾಶವೂ ತುಂಬಿತು.

ಕೋದಂಡಪ್ಪ ಅಧ್ಯಕ್ಷನ ಗತ್ತಿನಲ್ಲಿ, ಊರಿನವರು ಮೊದಲು, ಮನೆಯವರು ಕೊನೆಗೆ ಎಂದು ಹಿಂದೆ ನಿಂತಿದ್ದ. ಐದಕ್ಕೆ ಐದು ನಿಮಿಷ ಇದ್ದಾಗ ಸಾಲು ಕರಗಿ ಇಬ್ಬರು ಉಳಿದರು, ಮಾವ ಮತ್ತು ಅಳಿಯ. ಜಾಗ ಉಳಿದದ್ದು ಕೆಳಗಡೆ ಮೂಲೆಯಲ್ಲಿ ಒಂದು ಗೇಣು. ಅಲ್ಲಿ ಒಂದೇ ಸಾಲು ಹಿಡಿಯುತ್ತದೆ.

ಶ್ರೀನಿವಾಸಪ್ಪ ಬ್ರಷ್ಷು ಎತ್ತಿಕೊಂಡು ಇಬ್ಬರನ್ನೂ ನೋಡಿದ. ಅಧ್ಯಕ್ಷನನ್ನು ಬಿಡುವ ಹಾಗಿಲ್ಲ. ಅಜ್ಜಿಯ ಬಸ್ಸಿನ ಮಗನನ್ನೂ ಬಿಡುವ ಹಾಗಿಲ್ಲ. ಸುಧಾಕರ್, ಮಾವನ ಹೆಸರೇ ಬರೆಯಿರಿ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶ್ರೀನಿವಾಸಪ್ಪನ ಮುಖದಲ್ಲಿ ಬೆಳಕು ಮೂಡಿತು. ಬ್ರಷ್ಷು ಅದ್ದಿ, ಮೂಲೆಯಲ್ಲಿ ಕೂತು, ಬೋರ್ಡಿನ ಮೇಲೆ ಹಾಲಿನ ದರ ಬರೆಯುವಷ್ಟೇ ದುಂಡಾದ ಅಕ್ಷರದಲ್ಲಿ ಬರೆದ.

‘ಕೋದಂಡಪ್ಪನ ಅಳಿಯ.’

“ನೋಡಪ್ಪ, ಇಬ್ರೂ ಬಂದ್ಬಿಟ್ರು” ಎಂದು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ. “ದೊಡ್ಡ ಎಸ್ರಿನಾಗೆ ಸಣ್ಣದಿದ್ರೆ ಸಾಕು ಅಂತ ನೀನೇ ಅಲ್ವಾ ಯೋಳಿದ್ದು. ನಂಗೆ ಒಂದು ನಿಮಿಷಾನೂ ಬೇಕಾಗಲಿಲ್ಲ.”

ಕೋದಂಡಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದ. ತನ್ನ ಹೆಸರು ಮುಂದೆ ಇರುವುದನ್ನು ಖಾತ್ರಿ ಮಾಡಿಕೊಂಡು, ಲೆಕ್ಕ ಸರಿಯಾಗಿದೆ ಎಂದು ಟವೆಲು ಕೊಡವಿ ಸ್ಟೇಜಿನ ಕಡೆ ಹೊರಟ. ಮೈಕಿನವನು ಹಲೋ ಹಲೋ ಎನ್ನತೊಡಗಿದ. ಅಜ್ಜಿಯನ್ನು ನಾಲ್ಕು ಹೆಂಗಸರು ಕೈ ಹಿಡಿದು ಕರೆತಂದರು. ಸುಧಾಕರ್ ಇನ್ನೂ ಪೇಂಟಿನ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.

ಅವನ ಮುಂದೆ ಬಂದಾಗ ಅಜ್ಜಿ ನಿಂತಳು. ಮಂಜುಗಣ್ಣಿನಲ್ಲಿ ಫ್ಲೆಕ್ಸಿನ ಕಡೆ ನೋಡಿ, ಅವನ ಕೆನ್ನೆ ಸವರಿ ಕೇಳಿದಳು. “ಬಂತಾ ನಾಯ್ನಾ ನಿನ್ನೆಸ್ರು?”

ಸುಧಾಕರ್ ಮೂಲೆಯಲ್ಲಿ ಇನ್ನೂ ಒಣಗದ ಅಕ್ಷರಗಳನ್ನೊಮ್ಮೆ ನೋಡಿದ.

“ಬಂತಜ್ಜಿ” ಎಂದ.